ದರ್ಜಿಯ ಮಗ ಪರಮವೀರನಾದ ಕಥೆ: ಹವಿಲ್ದಾರ್ ಅಬ್ದುಲ್ ಹಮೀದ್



ಪರಮವೀರ ಚಕ್ರ ಪುರಸ್ಕೃತ ಅಬ್ದುಲ್ ಹಮೀದ್ ಅವರ ಹೆಸರನ್ನು ನೀವೆಲ್ಲರೂ ಕೇಳಿರುತ್ತೀರಿ. ರಸಪ್ರಶ್ನೆ ಸ್ಪರ್ಧೆಗಳಲ್ಲಿ ಅದು ಒಂದು ಅಂಕದ ಉತ್ತರ. ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ ಅದು ಒಂದು ಸಾಲು. ಒಂದು ಜೀಪಿನಲ್ಲಿ ಕುಳಿತು ಶತ್ರುಗಳ ಟ್ಯಾಂಕುಗಳನ್ನು ಉಡಾಯಿಸಿದ ವೀರ ಎಂದು ಹೇಳಿ ನಾವು ಮುಂದಕ್ಕೆ ಹೋಗಿಬಿಡುತ್ತೇವೆ. ಆದರೆ ಆ ಜೀಪಿನವರೆಗೆ ಅವರು ನಡೆದು ಬಂದ ದಾರಿ ಯಾವುದು? ಆ ದಿನ ಆ ಫಿರಂಗಿಯ ಬಳಿ ಬೇರಾರೂ ಇರದೆ ಅವರೇ ಏಕೆ ಇದ್ದರು? ಈ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಇದಕ್ಕೆ ಉತ್ತರ ತಿಳಿದರೆ, ಈ ಬದುಕು ನಿಮ್ಮ ಬದುಕಿಗೆ ಎಷ್ಟು ಹತ್ತಿರದ್ದು ಎಂಬುದು ನಿಮಗೇ ಅರ್ಥವಾಗುತ್ತದೆ. ಅದಕ್ಕಾಗಿಯೇ ಈ ಪುಟ್ಟ ಲೇಖನ.

ಹೊಲಿಗೆಯ ಮನೆಯಿಂದ ಸೈನ್ಯಕ್ಕೆ

ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯಲ್ಲಿ ಧಾಮುಪುರ ಎಂಬ ಸಣ್ಣ ಹಳ್ಳಿಯಿದೆ. 1933ರ ಜುಲೈ 1ರಂದು ಅಬ್ದುಲ್ ಹಮೀದ್ ಅಲ್ಲಿ ಜನಿಸಿದರು. ತಂದೆ ಮೊಹಮ್ಮದ್ ಉಸ್ಮಾನ್ ವೃತ್ತಿಯಲ್ಲಿ ದರ್ಜಿ. ತಾಯಿ ಸಕೀನಾ ಬೇಗಂ. ಆಸ್ತಿ, ಅಂತಸ್ತು, ಪ್ರಭಾವ ಯಾವುದೂ ಇಲ್ಲದ ಮನೆ ಅದು. ತಂದೆಯ ಸೂಜಿದಾರದ ದುಡಿಮೆಯೇ ಸಂಸಾರಕ್ಕೆ ಆಧಾರ. ಮಗನೂ ತಂದೆಯ ಪಕ್ಕದಲ್ಲಿ ಕುಳಿತು ಬಟ್ಟೆ ಹೊಲಿಯಲು ಕೈ ಜೋಡಿಸಿದ. ನಮ್ಮ ಊರುಗಳಲ್ಲಿಯೂ ಇಂತಹ ಮನೆಗಳು ಎಷ್ಟಿಲ್ಲ? ಈ ಸಂಚಿಕೆ ಓದುತ್ತಿರುವ ನಿಮ್ಮಲ್ಲಿ ಕೆಲವರು ಅಂತಹ ಮನೆಯಿಂದಲೇ ಬಂದಿರಬಹುದು. ಹೊಲಿಗೆಯ ಕೆಲಸ ಮಾಡಿದವರಿಗೆ ಒಂದು ಮಾತು ಗೊತ್ತು. ಅಳತೆ ಒಂದು ಬೆರಳು ತಪ್ಪಿದರೂ ಬಟ್ಟೆ ಹಾಳು. ಕತ್ತರಿ ಹಾಕಿದ ಮೇಲೆ ತಿದ್ದಲು ಬರುವುದಿಲ್ಲ.

ಆದರೆ ಯುವಕ ಹಮೀದ್ ಅವರ ಮನಸ್ಸು ಸೈನ್ಯದ ಕಡೆಗಿತ್ತು. 1954ರ ಡಿಸೆಂಬರ್ 27ರಂದು, 21ನೆಯ ವಯಸ್ಸಿನಲ್ಲಿ, ಅವರು ಭಾರತೀಯ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ರಾಜಸ್ಥಾನದ ನಸೀರಾಬಾದಿನಲ್ಲಿ ತರಬೇತಿ ಪಡೆದು, ಆ ರೆಜಿಮೆಂಟಿನ 4ನೆಯ ಬೆಟಾಲಿಯನ್ನಿಗೆ ಬಂದರು. ಗ್ರೆನೇಡಿಯರ್ಸ್ ಎಂಬುದು ಹಳೆಯ ಕಾಲಾಳು ಪಡೆ. ಜಾಟರು, ರಜಪೂತರು, ಕಾಯಂಖಾನಿ ಮುಸ್ಲಿಮರು ಹೀಗೆ ಬೇರೆ ಬೇರೆ ಸಮುದಾಯಗಳ ಯೋಧರು ತಲೆಮಾರುಗಳಿಂದ ಒಂದೇ ಪಡೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿಯುತ್ತ ಬಂದ ಪರಂಪರೆ ಅದಕ್ಕಿದೆ.

ಇಲ್ಲಿ ಅವರಿಗೆ ದೊರೆತ ಕೆಲಸ ಬೆಟಾಲಿಯನ್ನಿನ ಟ್ಯಾಂಕ್ ನಿರೋಧಕ ತುಕಡಿಯಲ್ಲಿ. ಶತ್ರುವಿನ ಟ್ಯಾಂಕುಗಳನ್ನು ಹೊಡೆಯಲು ಇರುವ ವಿಶೇಷ ಫಿರಂಗಿಯನ್ನು ನಡೆಸುವ ತುಕಡಿ ಅದು. ಐದು ವರ್ಷಗಳ ಕಾಲ ಹಮೀದ್ ಅದೇ ಕೆಲಸ ಮಾಡಿದರು. ಗುರಿ ಹಿಡಿಯುವುದು, ದೂರವನ್ನು ಕಣ್ಣಳತೆಯಲ್ಲಿ ಲೆಕ್ಕ ಹಾಕುವುದು, ಗುಂಡು ತುಂಬುವುದು, ಸ್ಥಳ ಬದಲಿಸುವುದು. ಯುದ್ಧವಿಲ್ಲದ ದಿನಗಳಲ್ಲಿ ಇದು ನೋಡುವವರಿಗೆ ಬೇಸರ ತರುವ ಅಭ್ಯಾಸ. ಆದರೆ ಈ ಅಭ್ಯಾಸದಿಂದಲೇ ಅವರು ಆ ಫಿರಂಗಿಯಲ್ಲಿ ಬೆಟಾಲಿಯನ್ನಿನ ಅತ್ಯುತ್ತಮ ಗುರಿಕಾರ ಎನಿಸಿಕೊಂಡರು.

ಸೋಲಿನ ಪಾಠ

ವೀರರ ಕಥೆಗಳಲ್ಲಿ ನಾವು ಗೆಲುವನ್ನು ಮಾತ್ರ ಹುಡುಕುತ್ತೇವೆ. ಅಬ್ದುಲ್ ಹಮೀದ್ ಅವರು ಕಂಡ ಮೊದಲ ಯುದ್ಧ ಮಾತ್ರ ಸೋಲಿನದು. 1962ರಲ್ಲಿ ಚೀನಾದೊಂದಿಗೆ ಯುದ್ಧ ನಡೆದಾಗ ಅವರ ಬೆಟಾಲಿಯನ್ ಬ್ರಿಗೇಡಿಯರ್ ಜಾನ್ ದಳವಿ ಅವರ 7ನೆಯ ಬ್ರಿಗೇಡಿನೊಂದಿಗೆ ಈಶಾನ್ಯ ಗಡಿಯ ನಾಮ್ಕಾ ಚು ಎಂಬ ನದಿಯ ದಂಡೆಯಲ್ಲಿತ್ತು. ಅಕ್ಟೋಬರ್ 20ರ ಮುಂಜಾನೆ ಚೀನೀ ಸೈನ್ಯ ದೊಡ್ಡ ಸಂಖ್ಯೆಯಲ್ಲಿ ಮೇಲೆರಗಿತು. ನಮ್ಮವರ ಬಳಿ ಚಳಿಗೆ ತಕ್ಕ ಬಟ್ಟೆಯಿರಲಿಲ್ಲ, ಸಾಕಷ್ಟು ಮದ್ದುಗುಂಡು ಇರಲಿಲ್ಲ. ಬ್ರಿಗೇಡ್ ಚದುರಿಹೋಯಿತು. ದಳವಿ ಅವರೇ ಸೆರೆಯಾದರು. ಸುತ್ತುವರಿಯಲ್ಪಟ್ಟ 4ನೆಯ ಗ್ರೆನೇಡಿಯರ್ಸ್ ಬೆಟಾಲಿಯನ್ ಭೂತಾನದ ಗುಡ್ಡಗಾಡುಗಳ ಮೂಲಕ ಕಾಲ್ನಡಿಗೆಯಲ್ಲಿ ಹಾದು ಅಸ್ಸಾಮಿನ ಮಿಸಾಮಾರಿಯನ್ನು ತಲುಪಿತು. ಆ ಕಾಳಗದಲ್ಲಿ ಪ್ರಾಣ ಕೊಟ್ಟ ಅದೇ ಬೆಟಾಲಿಯನ್ನಿನ ಸೆಕೆಂಡ್ ಲೆಫ್ಟಿನೆಂಟ್ ಜಿ.ವಿ.ಪಿ. ರಾವ್ ಅವರಿಗೆ ಮರಣೋತ್ತರ ಮಹಾವೀರ ಚಕ್ರ ದೊರೆಯಿತು.

ಆ ಬ್ರಿಗೇಡ್ ಸೇರಿದ್ದ 4ನೆಯ ಡಿವಿಷನ್ನಿಗೆ ಈ ಸೋಲು ದೊಡ್ಡ ಕಳಂಕವಾಗಿ ಉಳಿಯಿತು. ಮೂರು ವರ್ಷಗಳ ನಂತರ ಪಂಜಾಬಿನ ಬಯಲಿನಲ್ಲಿ ಪಾಕಿಸ್ತಾನದ ಟ್ಯಾಂಕುಗಳಿಗೆ ಎದೆಯೊಡ್ಡಿ ನಿಂತದ್ದು ಇದೇ ಡಿವಿಷನ್ ಎಂಬುದನ್ನು ನೆನಪಿಡಿ. ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾಗಿ, ಇನ್ನು ತನ್ನಿಂದಾಗದು ಎಂದು ಕುಳಿತುಬಿಡುವ ವಿದ್ಯಾರ್ಥಿಗಳು ಈ ಮಾತನ್ನು ಗಮನಿಸಬೇಕು.

ಉಗ್ರಾಣದಿಂದ ಮತ್ತೆ ಫಿರಂಗಿಗೆ

ಮುಂದೆ ಹಮೀದ್ ಅವರು ಹವಿಲ್ದಾರರಾದರು. ಅವರನ್ನು ಟ್ಯಾಂಕ್ ನಿರೋಧಕ ತುಕಡಿಯಿಂದ ತೆಗೆದು ಕಂಪನಿ ಕ್ವಾರ್ಟರ್ ಮಾಸ್ಟರ್ ಹವಿಲ್ದಾರ್ ಹುದ್ದೆಗೆ ಹಾಕಲಾಯಿತು. ಇದು ಯುದ್ಧ ಮಾಡುವ ಹುದ್ದೆಗಿಂತ ಹೆಚ್ಚಾಗಿ ಉಗ್ರಾಣ ನೋಡಿಕೊಳ್ಳುವ ಹುದ್ದೆ. ಕಂಪನಿಯ ಪಡಿತರ, ಸಮವಸ್ತ್ರ, ಸಲಕರಣೆ ಇವುಗಳ ಲೆಕ್ಕವಿಟ್ಟು ಯೋಧರಿಗೆ ಹಂಚುವುದು ಇದರ ಕೆಲಸ. ಅವರು ಅದನ್ನೂ ಕೊರತೆಯಿಲ್ಲದಂತೆ ನಿರ್ವಹಿಸುತ್ತಿದ್ದರು.

1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧದ ಕಾರ್ಮೋಡ ಕವಿಯಿತು. ಆಗ ಬೆಟಾಲಿಯನ್ನಿನಲ್ಲಿ ಆ ಫಿರಂಗಿಯ ತುಕಡಿಯನ್ನು ನಡೆಸಲು ಅನುಭವಿಯೊಬ್ಬರ ಕೊರತೆ ಎದ್ದು ಕಂಡಿತು. ಮೇಲಧಿಕಾರಿಗಳಿಗೆ ಮೊದಲು ನೆನಪಾದ ಹೆಸರು ಅಬ್ದುಲ್ ಹಮೀದ್. ಉಗ್ರಾಣದ ಹವಿಲ್ದಾರರನ್ನು ಮತ್ತೆ ಫಿರಂಗಿಯ ಬಳಿಗೆ ಕರೆಯಲಾಯಿತು. ಹಾಗೆ ಕರೆಯುವಾಗ ಅವರ ಹುಟ್ಟೂರನ್ನಾಗಲಿ, ಕುಲವನ್ನಾಗಲಿ, ಧರ್ಮವನ್ನಾಗಲಿ ಯಾರೂ ನೋಡಲಿಲ್ಲ. ಆ ಕೆಲಸ ಯಾರಿಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ ಎಂಬುದನ್ನಷ್ಟೇ ನೋಡಿದರು. ಲೇಖನದ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಆ ಫಿರಂಗಿಯ ವಿಷಯ

ಮುಂದಿನ ಘಟನೆ ಅರ್ಥವಾಗಬೇಕಾದರೆ ಆ ಫಿರಂಗಿಯ ಬಗ್ಗೆ ಸ್ವಲ್ಪ ತಿಳಿದಿರಬೇಕು. ಅದರ ಹೆಸರು 106 ಮಿಲಿಮೀಟರ್ ರಿಕಾಯಿಲ್‌ಲೆಸ್ ಗನ್. ಸಾಮಾನ್ಯ ಫಿರಂಗಿಯಲ್ಲಿ ಗುಂಡು ಮುಂದಕ್ಕೆ ಹಾರಿದಾಗ ನಳಿಗೆ ಅಷ್ಟೇ ರಭಸದಿಂದ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಡೆಯಲು ಭಾರವಾದ ಚೌಕಟ್ಟು ಬೇಕು. ಈ ಫಿರಂಗಿಯಲ್ಲಿ ಹಾಗಲ್ಲ. ಸಿಡಿದ ಮದ್ದಿನ ಅನಿಲದ ಒಂದು ಭಾಗ ಹಿಂಬದಿಯ ರಂಧ್ರಗಳಿಂದ ಹೊರಗೆ ಹೋಗುತ್ತದೆ. ಮುಂದಿನ ಬಲಕ್ಕೂ ಹಿಂದಿನ ಬಲಕ್ಕೂ ಸರಿಹೋಗಿ ನಳಿಗೆ ಅಲುಗದೆ ನಿಲ್ಲುತ್ತದೆ. ಆದ್ದರಿಂದ ಇದು ಹಗುರ, ಒಂದು ತೆರೆದ ಜೀಪಿನ ಮೇಲೆ ಕೂರಿಸಬಹುದು. ನಿಮ್ಮಲ್ಲಿ ವಿಜ್ಞಾನ ಓದುವವರಿಗೆ ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ನೆನಪಾಗಬೇಕು.

ಇಷ್ಟು ಅನುಕೂಲವಿದ್ದರೂ ಇದರಲ್ಲಿ ಪ್ರಾಣಾಂತಿಕವಾದ ಒಂದು ದೋಷವಿದೆ. ಗುಂಡು ಹಾರಿದ ಕೂಡಲೇ ಹಿಂಬದಿಯಲ್ಲಿ ಬೆಂಕಿಯೂ ಧೂಳೂ ಭುಗಿಲೆದ್ದು ಫಿರಂಗಿ ಎಲ್ಲಿದೆ ಎಂಬುದನ್ನು ಶತ್ರುವಿಗೆ ತೋರಿಸಿಕೊಡುತ್ತದೆ. ಜೀಪಿಗೆ ಯಾವ ಕವಚವೂ ಇಲ್ಲ. ಎದುರಿಗಿರುವ ಪ್ಯಾಟನ್ ಟ್ಯಾಂಕಾದರೋ ಸುಮಾರು 45 ಟನ್ ತೂಗುವ ಉಕ್ಕಿನ ಕೋಟೆ. ಹಾಗಾಗಿ ಈ ಫಿರಂಗಿಯವನು ಗುರಿ ತಪ್ಪುವಂತಿಲ್ಲ. ಹೊಡೆದ ಮರುಕ್ಷಣವೇ ಅಲ್ಲಿಂದ ಜಾಗ ಖಾಲಿ ಮಾಡಬೇಕು. ಮತ್ತೊಂದು ಮರೆಯನ್ನು ಹಿಡಿದು ಪುನಃ ಹೊಡೆಯಬೇಕು. ಹಮೀದ್ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಇದನ್ನೇ.

ಅಸಲ್ ಉತ್ತರ್

1965ರ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಸೈನ್ಯ ಜಮ್ಮುವಿನ ಛಂಬ್ ಪ್ರದೇಶದಲ್ಲಿ ದಾಳಿ ಆರಂಭಿಸಿತು. ಸೆಪ್ಟೆಂಬರ್ 6ರಂದು ಭಾರತದ ಸೈನ್ಯ ಪಂಜಾಬಿನಲ್ಲಿ ಅಂತರರಾಷ್ಟ್ರೀಯ ಗಡಿಯನ್ನು ದಾಟಿ ಲಾಹೋರಿನ ಕಡೆಗೆ ನಡೆಯಿತು. ಅದೇ ದಿನ ಖೇಮ್ ಕರಣ್ ವಿಭಾಗದಲ್ಲಿ 4ನೆಯ ಮೌಂಟನ್ ಡಿವಿಷನ್ ನಡೆಸಿದ ದಾಳಿ ಯಶಸ್ವಿಯಾಗಲಿಲ್ಲ. ಡಿವಿಷನ್ ಹಿಂದಕ್ಕೆ ಸರಿದು ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ಕುದುರೆ ಲಾಳದ ಆಕಾರದಲ್ಲಿ ಕಾವಲು ಕಟ್ಟಿ ನಿಂತಿತು. ಎರಡೂ ಪದಗಳು ಕನ್ನಡಿಗರಿಗೆ ಪರಿಚಿತವೇ. ಅಸಲಿ ಉತ್ತರ, ನಿಜವಾದ ಜವಾಬು. ಅಲ್ಲಿ ನಡೆದದ್ದು ಆ ಹೆಸರಿಗೆ ತಕ್ಕಂತೆಯೇ ಇತ್ತು.

ಎದುರಿಗೆ ಬಂದದ್ದು ಪಾಕಿಸ್ತಾನದ 1ನೆಯ ಆರ್ಮರ್ಡ್ ಡಿವಿಷನ್. ಅಮೆರಿಕದಿಂದ ಪಡೆದ ಪ್ಯಾಟನ್ ಟ್ಯಾಂಕುಗಳು ಅದರ ಮುಖ್ಯ ಬಲ. ಖೇಮ್ ಕರಣ್ ಮೂಲಕ ನುಗ್ಗಿ, ಬಿಯಾಸ್ ನದಿಯ ಸೇತುವೆಯನ್ನು ಹಿಡಿದು, ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನು ಕತ್ತರಿಸಿ, ಅಮೃತಸರವನ್ನು ದೇಶದ ಉಳಿದ ಭಾಗದಿಂದ ಬೇರ್ಪಡಿಸುವುದು ಅವರ ಯೋಜನೆಯಾಗಿತ್ತು. ಅಸಲ್ ಉತ್ತರ್ ಉಳಿಯದಿದ್ದರೆ ಅಮೃತಸರವೂ ಅಪಾಯದಲ್ಲಿತ್ತು.

ನಮ್ಮವರು ಕಾಲುವೆಗಳ ನೀರನ್ನು ಹೊಲಗಳಿಗೆ ಹರಿಯಬಿಟ್ಟರು. ಆಳೆತ್ತರ ಬೆಳೆದಿದ್ದ ಕಬ್ಬಿನ ಗದ್ದೆಗಳ ಮರೆಯಲ್ಲಿ ಟ್ಯಾಂಕುಗಳೂ ಫಿರಂಗಿಯ ಜೀಪುಗಳೂ ಅಡಗಿ ಕುಳಿತವು. 4ನೆಯ ಗ್ರೆನೇಡಿಯರ್ಸ್ ಬೆಟಾಲಿಯನ್ ಖೇಮ್ ಕರಣ್‌ನಿಂದ ಭಿಖಿವಿಂಡ್‌ಗೆ ಹೋಗುವ ರಸ್ತೆಯಲ್ಲಿ ಚೀಮಾ ಎಂಬ ಹಳ್ಳಿಯ ಮುಂಭಾಗದಲ್ಲಿತ್ತು. ಟ್ಯಾಂಕುಗಳು ಬರುವ ದಾರಿಯೇ ಅದು.

ಸೆಪ್ಟೆಂಬರ್ 8ರಂದು ಮೊದಲ ದೊಡ್ಡ ದಾಳಿ ನಡೆಯಿತು. ಹಮೀದ್ ಅವರು ಕಬ್ಬಿನ ಮರೆಯಲ್ಲಿ ಜೀಪ್ ನಿಲ್ಲಿಸಿ, ಟ್ಯಾಂಕು ತೀರಾ ಹತ್ತಿರ ಬರುವವರೆಗೂ ಕಾದು ಗುಂಡು ಹಾರಿಸಿದರೆಂದು ಬೆಟಾಲಿಯನ್ನಿನವರು ಹೇಳುತ್ತ ಬಂದಿದ್ದಾರೆ. ಸಾವು ಉರುಳಿಕೊಂಡು ಬರುತ್ತಿರುವಾಗ ಕೈಯನ್ನು ತಡೆದು ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ಊಹಿಸಿಕೊಳ್ಳಿ. ಮರುದಿನವೂ ದಾಳಿ ಮುಂದುವರಿಯಿತು. ಅಂದೂ ಅವರ ಫಿರಂಗಿ ಸುಮ್ಮನಿರಲಿಲ್ಲ.

ಸೆಪ್ಟೆಂಬರ್ 10ರ ಬೆಳಗು

ಸೆಪ್ಟೆಂಬರ್ 10ರ ಬೆಳಿಗ್ಗೆ ಸುಮಾರು 8 ಗಂಟೆಗೆ ಶತ್ರುಗಳ ಫಿರಂಗಿಗಳಿಂದ ಬಿರುಸಾದ ಗುಂಡಿನ ಮಳೆಯ ನಂತರ ಪ್ಯಾಟನ್ ಟ್ಯಾಂಕುಗಳ ಒಂದು ಇಡೀ ದಳ ಚೀಮಾ ಹಳ್ಳಿಯ ಮುಂದಿನ ನೆಲೆಯ ಮೇಲೆ ನುಗ್ಗಿತು. 9 ಗಂಟೆಯ ಹೊತ್ತಿಗೆ ಟ್ಯಾಂಕುಗಳು ನಮ್ಮ ಮುಂಚೂಣಿಯ ಕಂಪನಿಗಳ ಒಳಗೇ ಬಂದುಬಿಟ್ಟಿದ್ದವು. ಕಂದಕದಲ್ಲಿರುವ ಕಾಲಾಳಿನ ಕೈಯಲ್ಲಿರುವುದು ಬಂದೂಕು. ಟ್ಯಾಂಕಿನ ಉಕ್ಕಿಗೆ ಅದು ಏನು ತಾನೆ ಮಾಡೀತು?

ಪರಿಸ್ಥಿತಿಯ ಗಂಭೀರತೆಯನ್ನು ಹಮೀದ್ ಅರಿತರು. ಗುಂಡುಗಳ ಸುರಿಮಳೆಯ ನಡುವೆಯೇ ಅವರು ಜೀಪನ್ನು ಟ್ಯಾಂಕುಗಳ ಪಕ್ಕದ ದಿಕ್ಕಿಗೆ ಒಯ್ದರು. ಟ್ಯಾಂಕಿನ ಮುಂಭಾಗದ ಕವಚ ದಪ್ಪ, ಪಕ್ಕದ್ದು ಅದಕ್ಕಿಂತ ತೆಳು. ಸರಿಯಾದ ಜಾಗ ಹಿಡಿದು, ಎಲ್ಲಕ್ಕಿಂತ ಮುಂದಿದ್ದ ಟ್ಯಾಂಕನ್ನು ಹೊಡೆದುರುಳಿಸಿದರು. ಕೂಡಲೇ ಜಾಗ ಬದಲಿಸಿ ಇನ್ನೊಂದು ಟ್ಯಾಂಕಿಗೆ ಬೆಂಕಿ ಇಟ್ಟರು. ಅಷ್ಟರಲ್ಲಿ ಉಳಿದ ಟ್ಯಾಂಕುಗಳು ಆ ಜೀಪನ್ನು ಕಂಡುಹಿಡಿದವು. ಮೆಷಿನ್ ಗನ್ನುಗಳೂ ಸಿಡಿಗುಂಡುಗಳೂ ಆ ಒಂದೇ ಜೀಪಿನತ್ತ ತಿರುಗಿದವು. ಹಮೀದ್ ಹಿಂದಕ್ಕೆ ಸರಿಯಲಿಲ್ಲ. ಮತ್ತೊಂದು ಟ್ಯಾಂಕಿನತ್ತ ಗುರಿಯಿಟ್ಟು ಹೊಡೆಯುತ್ತಲೇ ಇದ್ದರು. ಆ ಕ್ಷಣದಲ್ಲಿ ಶತ್ರುವಿನ ಒಂದು ಸಿಡಿಗುಂಡು ಬಂದು ಬಡಿಯಿತು. ಅಬ್ದುಲ್ ಹಮೀದ್ ಹುತಾತ್ಮರಾದರು. ಆಗ ಅವರ ವಯಸ್ಸು 32.

ಅವರನ್ನು ಕಂಡ ಸಂಗಾತಿಗಳು ಎದೆಗುಂದಲಿಲ್ಲ. ಬೆಟಾಲಿಯನ್ ತನ್ನ ಜಾಗ ಬಿಡಲಿಲ್ಲ. ಆ ದಿನ ಮುಗಿಯುವ ಹೊತ್ತಿಗೆ ಪಾಕಿಸ್ತಾನದ ದಾಳಿ ಮುರಿದುಬಿದ್ದಿತ್ತು. ಈ ಕಾಳಗದಲ್ಲಿ ಪಾಕಿಸ್ತಾನ 97 ಟ್ಯಾಂಕುಗಳನ್ನು ಕಳೆದುಕೊಂಡಿತೆಂದು ಭಾರತದ ಲೆಕ್ಕ ಹೇಳುತ್ತದೆ. ಹಾಳಾದ ಮತ್ತು ಸಿಕ್ಕಿಬಿದ್ದ ಟ್ಯಾಂಕುಗಳನ್ನು ಭಿಖಿವಿಂಡ್ ಬಳಿ ಸಾಲಾಗಿ ತಂದು ನಿಲ್ಲಿಸಲಾಯಿತು. ಜನರು ಆ ಜಾಗವನ್ನು ಪ್ಯಾಟನ್ ನಗರ ಎಂದೇ ಕರೆದರು.

ಈ ಗೆಲುವು ಒಬ್ಬರದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪಶ್ಚಿಮದ ಸೇನೆಯ ಮುಖ್ಯಸ್ಥರಾಗಿದ್ದವರು ಸಿಖ್ ಸಮುದಾಯದ ಲೆಫ್ಟಿನೆಂಟ್ ಜನರಲ್ ಹರ್ಬಕ್ಷ್ ಸಿಂಗ್. ಅಸಲ್ ಉತ್ತರ್‌ನಲ್ಲಿ 3ನೆಯ ಕ್ಯಾವಲ್ರಿಯ ಸೆಂಚೂರಿಯನ್ ಟ್ಯಾಂಕುಗಳನ್ನು ನಡೆಸಿದವರು ಕ್ರೈಸ್ತರಾದ ಲೆಫ್ಟಿನೆಂಟ್ ಕರ್ನಲ್ ಸಲೀಂ ಕಾಲೆಬ್. ಅದೇ ಯುದ್ಧದಲ್ಲಿ ಪರಮವೀರ ಚಕ್ರ ಪಡೆದ ಇನ್ನೊಬ್ಬರು ಪಾರ್ಸಿ ಸಮುದಾಯದ ಲೆಫ್ಟಿನೆಂಟ್ ಕರ್ನಲ್ ಎ.ಬಿ. ತಾರಾಪೋರ್. ಹಮೀದ್ ಅವರು ಮಡಿಯುವುದಕ್ಕೆ ಮೂರು ದಿನ ಮೊದಲು, ಸೆಪ್ಟೆಂಬರ್ 7ರಂದು, ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ ಅವರು ಸರಗೋಧಾದ ವಾಯು ದಾಳಿಯಲ್ಲಿ ಪ್ರಾಣ ಕೊಟ್ಟರು.

ಲೆಕ್ಕದ ಬಗ್ಗೆ ಒಂದು ಮಾತು

ಹಮೀದ್ ಅವರು ಹೊಡೆದ ಟ್ಯಾಂಕುಗಳೆಷ್ಟು? ಒಂದೊಂದು ಭಾಷಣದಲ್ಲಿ ಒಂದೊಂದು ಸಂಖ್ಯೆ ಕೇಳುತ್ತೇವೆ. ಪ್ರಶಸ್ತಿಯ ಅಧಿಕೃತ ಬರಹ ಸೆಪ್ಟೆಂಬರ್ 10ರ ಬೆಳಗಿನ ಘಟನೆಯನ್ನು ಮಾತ್ರ ವಿವರಿಸುತ್ತದೆ. ಮೂರು ದಿನಗಳ ಕಾಳಗವನ್ನು ಒಟ್ಟಾಗಿ ನೋಡಿ ಬರೆದ ನಂತರದ ಲೇಖಕರು ಏಳು ಎಂದೋ ಎಂಟು ಎಂದೋ ಲೆಕ್ಕ ಕೊಡುತ್ತಾರೆ. ಸಭೆಯಲ್ಲಿ ಚಪ್ಪಾಳೆ ಬರಲೆಂದು ನಾವು ಈ ಸಂಖ್ಯೆಯನ್ನು ಹಿಗ್ಗಿಸುವ ಅಗತ್ಯವಿಲ್ಲ. ತೆರೆದ ಜೀಪಿನಲ್ಲಿ ಕುಳಿತು ಒಂದು ಪ್ಯಾಟನ್ ಟ್ಯಾಂಕಿನ ಎದುರು ನಿಲ್ಲುವುದೇ ಸಾಮಾನ್ಯ ಸಂಗತಿಯಲ್ಲ.

ಸಂದ ಗೌರವ

ಅವರಿಗೆ ಪರಮವೀರ ಚಕ್ರವನ್ನು ಒಂದೇ ವಾರದೊಳಗೆ, 1965ರ ಸೆಪ್ಟೆಂಬರ್ 16ರಂದು, ಘೋಷಿಸಲಾಯಿತು. ಯುದ್ಧ ಆಗ ಇನ್ನೂ ನಿಂತಿರಲಿಲ್ಲ. ಕದನ ವಿರಾಮ ಬಂದದ್ದು ಸೆಪ್ಟೆಂಬರ್ 23ರಂದು. 1966ರ ಜನವರಿ 26ರ ಗಣರಾಜ್ಯೋತ್ಸವದಂದು ದೆಹಲಿಯಲ್ಲಿ ರಾಷ್ಟ್ರಪತಿ ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಕೈಯಿಂದ ಆ ಪದಕವನ್ನು ಸ್ವೀಕರಿಸಿದವರು ಅವರ ಪತ್ನಿ ರಸೂಲನ್ ಬೀಬಿ. ಐದು ಮಕ್ಕಳ ತಾಯಿಯಾದ ಆ ಹಳ್ಳಿಯ ಹೆಣ್ಣುಮಗಳು ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗಂಡನ ನೆನಪನ್ನು ಕಾಪಾಡಿಕೊಂಡು ಬಂದರು. 2017ರ ಸೆಪ್ಟೆಂಬರ್ 10ರಂದು ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್ ಅವರು ಧಾಮುಪುರಕ್ಕೆ ಬಂದು ಸ್ಮಾರಕವನ್ನು ಅನಾವರಣ ಮಾಡಿದಾಗ ಆ ವೃದ್ಧೆ ಅಲ್ಲಿದ್ದರು. 2019ರ ಆಗಸ್ಟ್ 2ರಂದು ಅವರು ತೀರಿಕೊಂಡರು. ಯುದ್ಧದ ಕಥೆ ಹೇಳುವಾಗ ಇಂತಹ ತಾಯಂದಿರನ್ನು ಮರೆಯುವುದು ನ್ಯಾಯವಲ್ಲ.

1988ರಲ್ಲಿ ದೂರದರ್ಶನದಲ್ಲಿ ಬಂದ ಪರಮವೀರ ಚಕ್ರ ಧಾರಾವಾಹಿಯಲ್ಲಿ ನಸೀರುದ್ದೀನ್ ಷಾ ಅವರು ಹಮೀದ್ ಅವರ ಪಾತ್ರ ವಹಿಸಿದರು. 2000ದ ಜನವರಿಯಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ 3 ರೂಪಾಯಿಯ ಅಂಚೆಚೀಟಿಯನ್ನು ಹೊರತಂದಿತು. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದ 21 ಯೋಧರ ಹೆಸರಿಟ್ಟಾಗ ಒಂದು ದ್ವೀಪ ಹಮೀದ್ ಅವರ ಹೆಸರು ಪಡೆಯಿತು. ಇಷ್ಟೆಲ್ಲ ಆದರೂ ಅವರು ಮಣ್ಣಾಗಿರುವುದು ತಾನು ಬಿದ್ದ ಅಸಲ್ ಉತ್ತರ್‌ನ ನೆಲದಲ್ಲಿಯೇ. ಪಂಜಾಬಿನ ಹೊಲಗಳ ನಡುವೆ ಅವರ ಸಮಾಧಿ ಇದೆ.

ಓದುವ ನಿಮಗೆ

ವಿದ್ಯಾರ್ಥಿ ಮಿತ್ರರೇ, ಕೊನೆಯದಾಗಿ ಒಂದು ಮಾತು. ಯಾರಾದರೂ ನಮ್ಮ ದೇಶಪ್ರೇಮವನ್ನು ಪ್ರಶ್ನಿಸಿದಾಗ ನಾವು ಅಬ್ದುಲ್ ಹಮೀದ್ ಅವರ ಹೆಸರನ್ನು ಒಂದು ಪ್ರಮಾಣಪತ್ರದಂತೆ ಜೇಬಿನಿಂದ ತೆಗೆದು ತೋರಿಸುತ್ತೇವೆ. ಹಾಗೆ ಮಾಡುವುದರಿಂದ ಅವರು ಸಣ್ಣವರಾಗುತ್ತಾರೆ, ನಾವೂ ಸಣ್ಣವರಾಗುತ್ತೇವೆ. ಅವರು ಅಂದು ಜೀಪ್ ಏರಿದ್ದು ಯಾರಿಗೋ ಏನನ್ನೋ ರುಜುವಾತು ಮಾಡಿ ತೋರಿಸಲಿಕ್ಕಲ್ಲ. ಸಂಗಾತಿಗಳು ಕಂದಕದಲ್ಲಿದ್ದರು, ಟ್ಯಾಂಕುಗಳು ಬರುತ್ತಿದ್ದವು, ಅವನ್ನು ನಿಲ್ಲಿಸುವ ವಿದ್ಯೆ ಅವರಿಗೆ ಗೊತ್ತಿತ್ತು. ಆದ್ದರಿಂದ ಹೋದರು. ಹುಟ್ಟಿದ ನಾಡನ್ನು ಕಾಯುವುದು ಅವರಿಗೆ ಉಸಿರಾಟದಷ್ಟೇ ಸಹಜವಾಗಿತ್ತು.

ಅವರಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ. ದರ್ಜಿಯ ಮಗನೊಬ್ಬ ಒಂದು ಕೆಲಸವನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಅಗತ್ಯ ಬಿದ್ದಾಗ ಇಡೀ ಬೆಟಾಲಿಯನ್ ಅವನನ್ನೇ ಹುಡುಕಿಕೊಂಡು ಬಂತು. ಫಿರಂಗಿಯ ಅಭ್ಯಾಸದಲ್ಲಿ ಬೇಸರಪಡಲಿಲ್ಲ, ಉಗ್ರಾಣದ ಕೆಲಸ ಕೀಳೆನ್ನಲಿಲ್ಲ, ಸೋತ ಯುದ್ಧದಿಂದ ಎದೆಗುಂದಲಿಲ್ಲ. ನೀವು ಓದುತ್ತಿರುವುದು ವೈದ್ಯಕೀಯವೇ ಇರಲಿ, ಐಟಿಐ ಇರಲಿ, ಶಿಕ್ಷಕರ ತರಬೇತಿಯೇ ಇರಲಿ, ಅದನ್ನು ಹೀಗೆ ಕಲಿಯಿರಿ. ನಿಮ್ಮ ಊರಿಗೂ ನಾಡಿಗೂ ಕಷ್ಟ ಬಂದ ದಿನ, ಈ ಕೆಲಸ ಯಾರಿಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಕೇಳಿದಾಗ, ಮೊದಲು ನೆನಪಾಗುವ ಹೆಸರು ನಿಮ್ಮದಾಗಲಿ. ಅಬ್ದುಲ್ ಹಮೀದ್ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಅದೇ.